ಕಾಶಿಯ ಐವತ್ತು ಲಕ್ಷ: ವಾರನ್ ಹೇಸ್ಟಿಂಗ್ಸ್ ಮೇಲಿನ ಮಹಾಭಿಯೋಗ

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಡುವಣ ಗೋಡೆಯ ಮೇಲೆ ಪೊಳ್ಳಿಲೂರು ಕಾಳಗದ ದೊಡ್ಡ ಚಿತ್ರವಿದೆ. ಚೌಕಾಕಾರವಾಗಿ ನಿಂತ ಕೆಂಪಂಗಿಯ ಇಂಗ್ಲಿಷ್ ಸಿಪಾಯಿಗಳು, ನಡುವೆ ಸಿಡಿದು ಹೋಗುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿರುವ ಕರ್ನಲ್ ಬೇಯ್ಲಿ, ಸುತ್ತಲೂ ಹೈದರ್ ಮತ್ತು ಟಿಪ್ಪುವಿನ ಕುದುರೆ ದಂಡು. ಕಂಚಿಯ ಹತ್ತಿರ ಈ ಕಾಳಗ ನಡೆದದ್ದು 1780ರ ಸೆಪ್ಟೆಂಬರ್ 10ರಂದು. ಬೇಯ್ಲಿಯ ತುಕಡಿ ನಿರ್ನಾಮವಾದ ಸುದ್ದಿ ಕೇಳಿ, ಕೆಲವೇ ಮೈಲಿ ದೂರದಲ್ಲಿದ್ದ ಹೆಕ್ಟರ್ ಮನ್ರೋ ತನ್ನ ಫಿರಂಗಿಗಳನ್ನು ಕಂಚಿಯ ದೇವಸ್ಥಾನದ ಕೆರೆಗೆ ತಳ್ಳಿ ಮದರಾಸಿಗೆ ಓಡಿದ. ಬಕ್ಸಾರ್ ಯುದ್ಧ ಗೆದ್ದ ಸೇನಾನಿಗೆ ಬಂದ ಗತಿ ಅದು. ಸುದ್ದಿ ಕಲ್ಕತ್ತೆ ಮುಟ್ಟಿದಾಗ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಕೈಕಟ್ಟಿ ಕೂರಲಿಲ್ಲ. ಮದರಾಸಿನ ಗವರ್ನರನನ್ನು ಅಮಾನತು ಮಾಡಿದ. ಸರ್ ಐರ್ ಕೂಟ್‌ನನ್ನು 15 ಲಕ್ಷ ರೂಪಾಯಿ ಸಮೇತ ಹಡಗಿನಲ್ಲಿ ದಕ್ಷಿಣಕ್ಕೆ ಕಳಿಸಿದ. ಆದರೆ ಒಂದೇ ಹೊತ್ತಿಗೆ ಮೈಸೂರಿನ ಜೊತೆ, ಮರಾಠರ ಜೊತೆ, ಫ್ರೆಂಚರ ಜೊತೆ ಹೋರಾಡುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಬೊಕ್ಕಸ ಬರಿದಾಗಿತ್ತು. ಮುಂದಿನ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಹೇಸ್ಟಿಂಗ್ಸ್ ಕಂಡುಕೊಂಡ ಉತ್ತರ ಕಾಶಿಯಲ್ಲಿತ್ತು. ಆ ಉತ್ತರವೇ ಏಳು ವರ್ಷಗಳ ನಂತರ ಅವನನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಆರೋಪಿಯಾಗಿ ಮೊಣಕಾಲೂರಿಸಿತು.

ಆಡಳಿತದ ಮುಖ್ಯಸ್ಥನೊಬ್ಬ ತನ್ನ ಅಧಿಕಾರದೊಳಗೇ ಮಾಡಿದ ಕೆಲಸಕ್ಕಾಗಿ ಅವನ ಮೇಲೆ ಮಹಾಭಿಯೋಗ ಹೂಡಬಹುದೇ? ಲಂಚ ತಿಂದವನ ಮೇಲೆ, ಶತ್ರುವಿನ ಜೊತೆ ಕೈಜೋಡಿಸಿದವನ ಮೇಲೆ ಹೂಡಬಹುದು ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ರಾಜ್ಯದ ಹಿತಕ್ಕೆಂದು, ಯುದ್ಧದ ನಡುವೆ, ತನಗಿದ್ದ ಹುದ್ದೆಯ ಬಲದಿಂದ ಆಜ್ಞೆ ಹೊರಡಿಸಿದವನ ವಿಷಯದಲ್ಲಿ ಮಾತ್ರ ಪ್ರಶ್ನೆ ಕಗ್ಗಂಟಾಗುತ್ತದೆ. ಅದನ್ನು ಬಿಡಿಸಿ ನೋಡಲು ಹೇಸ್ಟಿಂಗ್ಸ್‌ನ ಪ್ರಕರಣಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. ಹೂಡಬಹುದು, ಆದರೆ ಎಲ್ಲ ಕೆಲಸಕ್ಕೂ ಅಲ್ಲ ಎನ್ನುವುದು ನನ್ನ ವಾದ. ಎಲ್ಲಿ ಗೆರೆ ಎಳೆಯಬೇಕು ಎಂಬುದನ್ನು ಬ್ರಿಟಿಷ್ ಕಾಮನ್ಸ್ ಸಭೆ 1786ರ ಜೂನ್ ತಿಂಗಳಲ್ಲಿ, ತನಗೇ ಪೂರ್ತಿ ಅರಿವಿಲ್ಲದೆ, ಸಾಕಷ್ಟು ಸರಿಯಾಗಿಯೇ ತೋರಿಸಿತು. ಆಮೇಲೆ ಅದೇ ಗೆರೆಯನ್ನು ಮರೆತು ಪ್ರಕರಣವನ್ನು ಕೆಡಿಸಿಕೊಂಡಿತು.

ಮೊದಲು ಕಾಶಿಯ ಸಂಗತಿ. ಬನಾರಸಿನ ರಾಜ ಚೈತ್ ಸಿಂಗ್ ಅವಧ್ ನವಾಬನ ಸಾಮಂತನಾಗಿದ್ದವನು, 1775ರ ಒಪ್ಪಂದದಿಂದ ಕಂಪನಿಯ ಕೈಕೆಳಗೆ ಬಂದ. ವರ್ಷಕ್ಕೆ ಸುಮಾರು ಇಪ್ಪತ್ತೆರಡೂವರೆ ಲಕ್ಷ ರೂಪಾಯಿ ಕಪ್ಪ ಎಂದು ನಿಗದಿಯಾಗಿತ್ತು, ಅದನ್ನು ಅವನು ಕಟ್ಟುತ್ತಲೂ ಇದ್ದ. 1778ರಲ್ಲಿ ಫ್ರಾನ್ಸಿನ ಜೊತೆ ಯುದ್ಧ ಶುರುವಾದದ್ದೇ ಹೇಸ್ಟಿಂಗ್ಸ್ ಇನ್ನೂ 5 ಲಕ್ಷ ಕೊಡು ಎಂದ. ರಾಜ ಗೋಗರೆದ, ಕೊನೆಗೆ ಕೊಟ್ಟ. ಮರುವರ್ಷ ಮತ್ತೆ 5 ಲಕ್ಷ, ಅದರ ಮರುವರ್ಷ ಮತ್ತೆ. 1780ರಲ್ಲಿ ರಾಜ ಗುಟ್ಟಾಗಿ 2 ಲಕ್ಷ ಕಾಣಿಕೆ ಕಳಿಸಿ ಈ ಹೊರೆಯಿಂದ ಪಾರಾಗಲು ನೋಡಿದ. ಹೇಸ್ಟಿಂಗ್ಸ್ ಆ ಹಣ ಇಟ್ಟುಕೊಂಡು ಕಂಪನಿಯ ಖರ್ಚಿಗೇ ಬಳಸಿದ, 5 ಲಕ್ಷವನ್ನೂ ಬಿಡದೆ ವಸೂಲು ಮಾಡಿದ. ಅಲ್ಲಿಗೂ ಮುಗಿಯಲಿಲ್ಲ. 2000 ಕುದುರೆ ಸವಾರರನ್ನು ಕಳಿಸು ಎಂದ, ಅದನ್ನು 1000ಕ್ಕೆ ಇಳಿಸಿದ. ರಾಜ 500 ಸವಾರರನ್ನೂ 500 ಕಾಲಾಳುಗಳನ್ನೂ ಹೊಂದಿಸಿಕೊಡುತ್ತೇನೆಂದ. ಇದೇ ತಪ್ಪಾಯಿತು. ಕಂಪನಿಯ ಬೊಕ್ಕಸದ ಸಂಕಟಕ್ಕೆ ರಾಜನ ಈ ಅಪರಾಧದಿಂದಲೇ ಪರಿಹಾರ ಹಿಂಡಬೇಕೆಂದು ತಾನು ನಿರ್ಧರಿಸಿದ್ದಾಗಿ ಹೇಸ್ಟಿಂಗ್ಸ್ ಸ್ವತಃ ಬರೆದುಕೊಂಡಿದ್ದಾನೆ. ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡ ದಂಡ 50 ಲಕ್ಷ, ಅಂದರೆ ಎರಡು ವರ್ಷದ ಕಪ್ಪಕ್ಕೂ ಮೀರಿದ ಮೊತ್ತ.

1781ರ ಆಗಸ್ಟಿನಲ್ಲಿ ಅದನ್ನು ವಸೂಲು ಮಾಡಲು ಅವನೇ ಕಾಶಿಗೆ ಹೊರಟ. ರಾಜ ಬಕ್ಸಾರಿನ ತನಕ ಬಂದು ಎದುರುಗೊಂಡು, ತನ್ನ ಪೇಟ ತೆಗೆದು ಹೇಸ್ಟಿಂಗ್ಸ್‌ನ ಮಡಿಲಲ್ಲಿಟ್ಟ. ಉತ್ತರ ಹಿಂದುಸ್ತಾನದಲ್ಲಿ ಶರಣಾಗತಿಗೆ ಅದಕ್ಕಿಂತ ದೊಡ್ಡ ಗುರುತಿಲ್ಲ. ಫಲ ಸಿಗಲಿಲ್ಲ. ಆಗಸ್ಟ್ 16ರಂದು ಶಿವಾಲಾ ಘಾಟಿನ ಅರಮನೆಯಲ್ಲಿ ರಾಜನನ್ನು ಬಂಧಿಸಿ, ಎರಡು ಕಂಪನಿ ಸಿಪಾಯಿಗಳನ್ನು ಕಾವಲಿಟ್ಟರು. ಆ ಸಿಪಾಯಿಗಳ ಬಳಿ ಮದ್ದುಗುಂಡುಗಳೇ ಇರಲಿಲ್ಲ! ತರಲು ಮರೆತಿದ್ದರು. ನದಿಯ ಆಚೆ ದಡದ ರಾಮನಗರದಿಂದ ರಾಜನ ಆಳುಗಳು ದೋಣಿ ದೋಣಿ ಬಂದು ಮುತ್ತಿದರು. ಸಿಪಾಯಿಗಳೂ ಅವರ ಮೂವರು ಇಂಗ್ಲಿಷ್ ಅಧಿಕಾರಿಗಳೂ ಅಂಗಳದಲ್ಲೇ ಹತರಾದರು. ಆ ಗಲಿಬಿಲಿಯಲ್ಲಿ ಚೈತ್ ಸಿಂಗ್ ಪೇಟಗಳನ್ನು ಒಂದಕ್ಕೊಂದು ಗಂಟು ಹಾಕಿ, ಕಿಟಕಿಯಿಂದ ಗಂಗೆಗೆ ಇಳಿದು, ದೋಣಿ ಹತ್ತಿ ತಪ್ಪಿಸಿಕೊಂಡ. ಹೇಸ್ಟಿಂಗ್ಸ್ ಕೂಡ ಕೆಲವು ದಿನಗಳಲ್ಲಿ ರಾತ್ರೋರಾತ್ರಿ ಚುನಾರ್ ಕೋಟೆಗೆ ಜಾರಿಕೊಳ್ಳಬೇಕಾಯಿತು. ದಂಗೆ ಅಡಗಿದ ಮೇಲೆ ರಾಜನ ಸೋದರಳಿಯ ಹುಡುಗನನ್ನು ಗದ್ದುಗೆಗೇರಿಸಿ ಕಪ್ಪವನ್ನು 40 ಲಕ್ಷಕ್ಕೆ ಏರಿಸಿದರು. ಬಿಜಯಗಢ ಕೋಟೆಯಲ್ಲಿ ಸಿಕ್ಕ ಸುಮಾರು 23 ಲಕ್ಷದ ಖಜಾನೆಯನ್ನು ಅಲ್ಲಿದ್ದ ಸೈನಿಕರೇ ಪಾಲು ಹಾಕಿಕೊಂಡರು. ಯಾವ ಬೊಕ್ಕಸಕ್ಕಾಗಿ ಇಷ್ಟೆಲ್ಲ ನಡೆಯಿತೋ ಅದಕ್ಕೆ ಆ ಹೊತ್ತಿಗೆ ಬಿಡಿಗಾಸೂ ಬೀಳಲಿಲ್ಲ.

ಕಾಶಿ ಕೈಕೊಟ್ಟ ಮೇಲೆ ಉಳಿದದ್ದು ಅವಧ್. ಅದೇ ಸೆಪ್ಟೆಂಬರಿನಲ್ಲಿ ಚುನಾರಿನಲ್ಲಿ ನವಾಬ ಆಸಫ್ ಉದ್ ದೌಲಾನ ಜೊತೆ ಒಪ್ಪಂದವಾಯಿತು. ಫೈಜಾಬಾದಿನಲ್ಲಿದ್ದ ತನ್ನ ತಾಯಿ ಮತ್ತು ಅಜ್ಜಿಯ ಜಹಗೀರುಗಳನ್ನು ನವಾಬ ವಶಪಡಿಸಿಕೊಳ್ಳಬಹುದು, ಬಂದ ಹಣದಿಂದ ಕಂಪನಿಯ ಸಾಲ ತೀರಿಸಬೇಕು. ತಾಯಿ ಬಹೂ ಬೇಗಂಗೆ ಇನ್ನು ಮುಂದೆ ಯಾರೂ ಕೈಚಾಚುವುದಿಲ್ಲವೆಂದು 1775ರಲ್ಲಿ ಭರವಸೆಯ ಪತ್ರ ಬರೆದುಕೊಟ್ಟಿದ್ದು ಇದೇ ಕಂಪನಿ. ಬೇಗಂಗಳು ಚೈತ್ ಸಿಂಗನ ದಂಗೆಗೆ ನೆರವಾದರು, ಹಾಗಾಗಿ ಭರವಸೆ ರದ್ದಾಯಿತು ಎಂಬುದು ಸಮರ್ಥನೆ. ಅದಕ್ಕೆ ಸಾಕ್ಷಿಯಾಗಿ ಪ್ರಮಾಣಪತ್ರಗಳನ್ನು ಬರೆಸಿಕೊಂಡವನು ಕಲ್ಕತ್ತೆಯ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಎಲೈಜಾ ಇಂಪೆ. ಅವನು ಹೇಸ್ಟಿಂಗ್ಸ್‌ನ ಶಾಲೆಯ ಗೆಳೆಯ, ಲಖನೌದಲ್ಲಿ ಅವನಿಗೆ ಯಾವ ಅಧಿಕಾರವ್ಯಾಪ್ತಿಯೂ ಇರಲಿಲ್ಲ. ಶಿಕ್ಷೆ ನಿಶ್ಚಯವಾದದ್ದು ಸೆಪ್ಟೆಂಬರಿನಲ್ಲಿ, ಸಾಕ್ಷಿ ಸಂಗ್ರಹಿಸಿದ್ದು ನವೆಂಬರಿನಲ್ಲಿ. 1782ರ ಜನವರಿಯಲ್ಲಿ ಫೈಜಾಬಾದಿಗೆ ದಂಡು ಹೋಯಿತು. ಬೇಗಂಗಳ ಜನಾನಾದ ಇಬ್ಬರು ಹಿರಿಯ ಸೇವಕರು, ಜವಾಹರ್ ಅಲಿ ಖಾನ್ ಮತ್ತು ಬಹಾರ್ ಅಲಿ ಖಾನ್, ಕಾಲಿಗೆ ಬೇಡಿ ಹಾಕಿಸಿಕೊಂಡು ತಿಂಗಳುಗಟ್ಟಲೆ ಸೆರೆಯಲ್ಲಿ ಕೊಳೆತರು. ಹಣ ಬಂತು.

ಹೇಸ್ಟಿಂಗ್ಸ್‌ನನ್ನು ಬರೀ ಕೊಳ್ಳೆಗಾರನೆಂದು ತಳ್ಳಿಹಾಕುವವರು ಚರಿತ್ರೆಯನ್ನು ಸರಿಯಾಗಿ ಓದಿಲ್ಲ. ಪರ್ಷಿಯನ್ ಬಲ್ಲವನು, ಕಲ್ಕತ್ತೆಯಲ್ಲಿ ಮದರಸಾ ತೆರೆದವನು, ಚಾರ್ಲ್ಸ್ ವಿಲ್ಕಿನ್ಸ್ ಮಾಡಿದ ಭಗವದ್ಗೀತೆಯ ಇಂಗ್ಲಿಷ್ ಅನುವಾದಕ್ಕೆ ಗೌರವದ ಮುನ್ನುಡಿ ಬರೆದವನು. ಕ್ಲೈವ್ ಕಟ್ಟಿಕೊಂಡು ಹೋದ ಗಂಟಿನ ಮುಂದೆ ಇವನದು ಏನೇನೂ ಅಲ್ಲ. 1782ರ ಸಾಲ್ಬಾಯ್ ಒಪ್ಪಂದದಿಂದ ಮರಾಠರನ್ನು ಬೇರ್ಪಡಿಸಿ ಹೈದರ್‌ನನ್ನು ಒಂಟಿ ಮಾಡಿದ್ದು ಇವನ ರಾಜತಂತ್ರ. ಅಮೆರಿಕದಲ್ಲಿ ಬ್ರಿಟನ್ ಒಂದು ಸಾಮ್ರಾಜ್ಯವನ್ನೇ ಕಳೆದುಕೊಳ್ಳುತ್ತಿದ್ದ ವರ್ಷಗಳಲ್ಲಿ ಇಲ್ಲಿ ಒಂದನ್ನು ಉಳಿಸಿಕೊಟ್ಟ. ಹಾಗೆಂದೇ ಅವನ ಪರ ವಾದಿಸುವವರು ಮೊದಲು ಎತ್ತುವ ಮಾತು: ತನಗಾಗಿ ಮಾಡಲಿಲ್ಲ, ಕಂಪನಿಗಾಗಿ ಮಾಡಿದ, ಜೇಬು ತುಂಬಿಸಿಕೊಳ್ಳದವನು ಅಪರಾಧಿ ಹೇಗಾದಾನು? ಈ ವಾದ ಅಂದುಕೊಂಡಷ್ಟು ಗಟ್ಟಿಯಲ್ಲ. ತನಗಾಗಿ ಕದಿಯುವ ಅಧಿಕಾರಿಯನ್ನು ಹಿಡಿಯಲು ಮಾಮೂಲಿ ಕಾನೂನು ಸಾಕು, ಅವನ ಧಣಿಗೂ ಅವನನ್ನು ಹಿಡಿಸುವ ಆಸೆ ಇರುತ್ತದೆ. ಧಣಿಗಾಗಿ ಸುಲಿಯುವವನನ್ನು ಧಣಿ ಏಕೆ ಹಿಡಿಸಿಕೊಟ್ಟಾನು? ನಿಸ್ವಾರ್ಥ ದಬ್ಬಾಳಿಕೆಗೆ ಮಾಮೂಲಿ ನ್ಯಾಯಾಲಯದಲ್ಲಿ ಫಿರ್ಯಾದಿಯೇ ಸಿಗುವುದಿಲ್ಲ. ಮಹಾಭಿಯೋಗ ಎಂಬ ಅಪರೂಪದ ಅಸ್ತ್ರ ಬೇಕಾಗುವುದು ಅಲ್ಲಿಯೇ.

ಇನ್ನೊಂದು ಪುರಾವೆಯೂ ಇದೆ. ಹೇಸ್ಟಿಂಗ್ಸ್‌ನನ್ನು ಸರಳವಾಗಿ ಮನೆಗೆ ಕಳಿಸುವ ಪ್ರಯತ್ನ ಮೊದಲೇ ನಡೆದಿತ್ತು. 1782ರ ಮೇ ತಿಂಗಳಲ್ಲಿ ಹೆನ್ರಿ ಡುಂಡಾಸ್ ಮಂಡಿಸಿದ ನಿರ್ಣಯದ ಮೂಲಕ ಕಾಮನ್ಸ್ ಸಭೆ ಅವನನ್ನು ವಾಪಸು ಕರೆಸಬೇಕೆಂದು ಕಂಪನಿಗೆ ಹೇಳಿತು. ಕಂಪನಿಯ ನಿರ್ದೇಶಕರು ಒಪ್ಪಿದರು. ಷೇರುದಾರರ ಸಭೆ ಆಗದು ಎಂದಿತು. ಅಲ್ಲಿಗೆ ದೇಶದ ಪಾರ್ಲಿಮೆಂಟಿನ ನಿರ್ಣಯ ಕಸದ ಬುಟ್ಟಿ ಸೇರಿತು, ಹೇಸ್ಟಿಂಗ್ಸ್ ಇನ್ನೂ ಎರಡೂವರೆ ವರ್ಷ ಆಳಿ 1785ರಲ್ಲಿ ತಾನಾಗಿ ಹೊರಟ. ಇಂಗ್ಲೆಂಡಿನ ಮಂತ್ರಿಯೊಬ್ಬ ಬಹುಮತ ಕಳೆದುಕೊಂಡರೆ ಆ ಸಂಜೆಯೇ ಕುರ್ಚಿ ಬಿಡುತ್ತಾನೆ. ಕಲ್ಕತ್ತೆಯಲ್ಲಿ ಕುಳಿತವನಿಗೆ ಅವಿಶ್ವಾಸದ ಭಯವಿಲ್ಲ, ಮತದಾರರಿಲ್ಲ, ಆಳಿಸಿಕೊಂಡವರ ದೂರು ಕೇಳುವ ಕೋರ್ಟಿಲ್ಲ. ದೂರು ಕೊಟ್ಟವರಿಗೆ ಏನಾಗಬಹುದು ಎಂಬುದಕ್ಕೆ ಮಹಾರಾಜ ನಂದಕುಮಾರನ ಕತೆ ಊರಿಗೆಲ್ಲ ಗೊತ್ತಿತ್ತು. ಗವರ್ನರ್ ಜನರಲ್ ಲಂಚ ತಿಂದನೆಂದು 1775ರ ಮಾರ್ಚಿನಲ್ಲಿ ಆರೋಪಿಸಿದ. ಹಳೆಯ ಖೋಟಾ ದಸ್ತಾವೇಜಿನ ಮೊಕದ್ದಮೆಯೊಂದರಲ್ಲಿ ಅದೇ ಇಂಪೆಯ ಮುಂದೆ ವಿಚಾರಣೆಯಾಗಿ ಆಗಸ್ಟ್ 5ರಂದು ಗಲ್ಲಿಗೇರಿದ. ಆ ಗಲ್ಲಿನ ಹಿಂದೆ ಹೇಸ್ಟಿಂಗ್ಸ್‌ನ ಕೈ ಇತ್ತೆಂದು ರುಜುವಾತಾಗಿಲ್ಲ, ಆದರೆ ಆಮೇಲೆ ಬಂಗಾಳದಲ್ಲಿ ಯಾರೂ ಬಾಯಿಬಿಡಲಿಲ್ಲ ಎಂಬುದಂತೂ ನಿಜ. 1784ರ ಪಿಟ್‌ನ ಇಂಡಿಯಾ ಕಾಯಿದೆ ಭಾರತದಲ್ಲಿನ ಅಪರಾಧಗಳಿಗೆಂದೇ ವಿಶೇಷ ನ್ಯಾಯಮಂಡಲಿಯನ್ನು ರಚಿಸಿತು. ಅದು ಕಾಗದದ ಮೇಲೇ ಉಳಿಯಿತು. ಬೇರೆ ಎಲ್ಲ ಬಾಗಿಲೂ ಮುಚ್ಚಿದ್ದವು ಎಂಬುದು ಈ ಮಹಾಭಿಯೋಗದ ಪರವಾದ ಮೊದಲ ಕಾರಣ.

ಎರಡನೆಯ ಕಾರಣಕ್ಕೆ 1786ರ ಜೂನ್ ತಿಂಗಳಿಗೆ ಬರಬೇಕು. ವಿರೋಧ ಪಕ್ಷದ ಎಡ್ಮಂಡ್ ಬರ್ಕ್ ಆ ಏಪ್ರಿಲಿನಲ್ಲಿ ಇಪ್ಪತ್ತೆರಡು ಆರೋಪಗಳನ್ನು ಸಭೆಯ ಮುಂದಿಟ್ಟಿದ್ದ. ಜೂನ್ 1ರಂದು ಮೊದಲ ಆರೋಪ ಮತಕ್ಕೆ ಬಂತು: 1774ರಲ್ಲಿ 40 ಲಕ್ಷ ರೂಪಾಯಿಗೆ ಕಂಪನಿಯ ಸೇನೆಯನ್ನು ಅವಧ್ ನವಾಬನಿಗೆ ಒದಗಿಸಿ ರೋಹಿಲ್ಲರನ್ನು ನಾಶ ಮಾಡಿಸಿದ್ದು. ಮನುಷ್ಯತ್ವದ ತಕ್ಕಡಿಯಲ್ಲಿ ತೂಗಿದರೆ ಬಹುಶಃ ಇದೇ ಅತಿ ಕೆಟ್ಟದ್ದು. ಆದರೂ ಸಭೆ ಅದನ್ನು 119ಕ್ಕೆ 67 ಮತಗಳಿಂದ ಕೈಬಿಟ್ಟಿತು. ಯುದ್ಧ ತಪ್ಪಾಗಿರಬಹುದು, ಆದರೆ ಅದು ನೀತಿಯ ಪ್ರಶ್ನೆ. ಅದೆಲ್ಲ ಗೊತ್ತಿದ್ದೂ ಪಾರ್ಲಿಮೆಂಟೇ ಕಾಯಿದೆಯಲ್ಲಿ ಹೇಸ್ಟಿಂಗ್ಸ್‌ನ ಹೆಸರು ಬರೆದು ಅವನನ್ನು ಮರುನೇಮಕ ಮಾಡಿದೆ, ಈಗ ಹಳೆಯದನ್ನು ಕೆದಕುವುದು ನ್ಯಾಯವಲ್ಲ ಎಂದು ಡುಂಡಾಸ್ ವಾದಿಸಿದ. ಹೇಸ್ಟಿಂಗ್ಸ್ ಪಾರಾದ ಎಂದು ಲಂಡನ್ ಅಂದುಕೊಂಡಿತು. ಹನ್ನೆರಡು ದಿನಗಳ ನಂತರ, ಜೂನ್ 13ರಂದು, ಕಾಶಿಯ ಆರೋಪ ಬಂತು. ಪ್ರಧಾನಿ ಪಿಟ್ ಎದ್ದು ನಿಂತು ಬಹುಪಾಲು ಹೇಸ್ಟಿಂಗ್ಸ್‌ನ ಪರವಾಗಿಯೇ ಮಾತಾಡಿದ. ಚೈತ್ ಸಿಂಗ್ ಸಾಮಂತ. ಯುದ್ಧಕಾಲದಲ್ಲಿ ಹೆಚ್ಚುವರಿ ನೆರವು ಕೇಳುವ ಹಕ್ಕು ಕಂಪನಿಗಿದೆ. ಕೊಡಲು ಸತಾಯಿಸಿದರೆ ದಂಡ ಹಾಕುವ ಹಕ್ಕೂ ಇದೆ. ಅಷ್ಟೆಲ್ಲ ಒಪ್ಪಿ, ಆದರೆ 50 ಲಕ್ಷದ ದಂಡ ತಪ್ಪಿಗೆ ಏನೇನೂ ಹೊಂದದ್ದು, ಅದೊಂದಕ್ಕಾಗಿ ತಾನು ಆರೋಪದ ಪರ ಮತ ಹಾಕುತ್ತೇನೆ ಎಂದ. 119ಕ್ಕೆ 79ರಿಂದ ಆರೋಪ ಅಂಗೀಕಾರವಾಯಿತು.

ಪಿಟ್ ಯಾಕೆ ಹೀಗೆ ತಿರುಗಿದ ಎಂದು ಆಗಿನಿಂದ ಈಗಿನವರೆಗೆ ಊಹಾಪೋಹ ನಡೆದಿದೆ. ಇಂಗ್ಲೆಂಡಿನ ರಾಜನ ಕೃಪೆಯಲ್ಲಿ ಹೇಸ್ಟಿಂಗ್ಸ್ ತನಗೆ ಎದುರಾಳಿಯಾದಾನೆಂಬ ಹೊಟ್ಟೆಕಿಚ್ಚು ಎಂದರು, ಡುಂಡಾಸ್ ಬೆಳಗಿನ ಜಾವ ಬಂದು ಕಿವಿಯೂದಿದ ಎಂದರು. ಇರಬಹುದು. ರಾಜಕಾರಣಿಯ ಅಂತರಂಗ ಯಾರಿಗೆ ಗೊತ್ತು? ಅವನು ಕೊಟ್ಟ ಕಾರಣವಂತೂ ಅವನ ಉದ್ದೇಶಕ್ಕಿಂತ ಹೆಚ್ಚು ಬಾಳುವಂಥದ್ದು. ಎರಡೂ ಮತಗಳನ್ನು ಒಟ್ಟಿಗಿಟ್ಟು ನೋಡಿದರೆ ಗೆರೆ ಕಾಣಿಸುತ್ತದೆ. ಯುದ್ಧ ಮಾಡಬೇಕೋ ಬೇಡವೋ, ಯಾರ ಜೊತೆ ಸಂಧಿ, ಎಷ್ಟು ತೆರಿಗೆ ಎಂಬ ತೀರ್ಮಾನ ತಪ್ಪಾದರೂ ಅದಕ್ಕೆ ಮಹಾಭಿಯೋಗವಲ್ಲ, ನೀತಿ ಬದಲಿಸುವುದು ಮದ್ದು. ಆದರೆ ಹುದ್ದೆ ಕೊಟ್ಟ ಅಧಿಕಾರವನ್ನು ಒಬ್ಬ ನಿರ್ದಿಷ್ಟ ಮನುಷ್ಯನ ಮೇಲೆ, ಕೊಟ್ಟ ಮಾತು ಮುರಿದು, ತಪ್ಪಿಗೂ ಶಿಕ್ಷೆಗೂ ಸಂಬಂಧವೇ ಇಲ್ಲದಂತೆ ಪ್ರಯೋಗಿಸಿದರೆ, ಆ ಅಧಿಕಾರ ಕಾಗದದ ಮೇಲೆ ಇತ್ತು ಎಂಬುದು ಸಮಜಾಯಿಷಿಯಾಗುವುದಿಲ್ಲ. ಬೇಗಂಗಳ ಆರೋಪಕ್ಕೆ ಬಂದ ಬೆಂಬಲವೂ ಇದನ್ನೇ ಹೇಳುತ್ತದೆ. 1787ರ ಫೆಬ್ರವರಿ 7ರಂದು ನಾಟಕಕಾರ ಶೆರಿಡನ್ ಆ ಕುರಿತು ಐದೂಮುಕ್ಕಾಲು ಗಂಟೆಯ ಹತ್ತಿರ ಮಾತಾಡಿದ. ಕೇಳಿದ ಆವೇಶದಲ್ಲಿ ಮತ ಹಾಕುವುದು ಸರಿಯಲ್ಲವೆಂದು ಸಭೆಯನ್ನೇ ಮುಂದೂಡಬೇಕಾಯಿತು. ಮರುದಿನ ಬಿಸಿ ಆರಿದ ಮೇಲೂ 175ಕ್ಕೆ 68.

ತುರ್ತು ಪರಿಸ್ಥಿತಿಯ ವಾದ ಇಲ್ಲಿ ಬರುತ್ತದೆ, ಅದು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಹೈದರ್ ಮದರಾಸಿನ ಹೆಬ್ಬಾಗಿಲಲ್ಲಿದ್ದಾಗ ಕಲ್ಕತ್ತೆಯಲ್ಲಿ ಲೆಕ್ಕಪುಸ್ತಕ ತೆರೆದು ಕೂರಲಾದೀತೇ? ಆಗದು. ಹಾಗೆಂದೇ ಕೂಟ್‌ನ ಜೊತೆ ಕಳಿಸಿದ 15 ಲಕ್ಷದ ಬಗ್ಗೆ, ಮದರಾಸಿನ ಗವರ್ನರನ ಅಮಾನತಿನ ಬಗ್ಗೆ, ತನ್ನ ಹೊಣೆಯಲ್ಲೇ ಮರಾಠಾ ಸರದಾರ ಶಿಂಧೆಯ ಜೊತೆ ಕುದುರಿಸಿದ ಸಂಧಿಯ ಬಗ್ಗೆ ಯಾರೂ ಅವನನ್ನು ಕಟಕಟೆಗೆ ಎಳೆಯಲಿಲ್ಲ. ತುರ್ತು ಎನ್ನುವುದು ಬೇಗ ಮಾಡಿದ್ದಕ್ಕೆ, ನಿಯಮ ಸಡಿಲಿಸಿದ್ದಕ್ಕೆ ಉತ್ತರವಾದೀತು. 5 ಲಕ್ಷ ತಡವಾಗಿ ಕೊಟ್ಟವನಿಗೆ 50 ಲಕ್ಷ ಯಾಕೆ ಎಂಬುದಕ್ಕೆ ಉತ್ತರವಾಗದು. ಅದೂ ಅಲ್ಲದೆ, ಆ ತುರ್ತೇ ಕೆಲವು ಕಡೆ ಅನುಮಾನಕ್ಕೆಡೆ ಮಾಡುತ್ತದೆ. ಚುನಾರಿನಲ್ಲಿ ನವಾಬ ಹೇಸ್ಟಿಂಗ್ಸ್‌ಗೆ 10 ಲಕ್ಷ ಕಾಣಿಕೆ ಕೊಟ್ಟ. ನವಾಬ ದಿವಾಳಿ ಎಂದೇ ಅವನ ತಾಯಿಯ ಗಂಟಿಗೆ ಕೈ ಹಾಕಿದ್ದು! ಆ ಹಣ ಕಂಪನಿಗೆ ಸೇರಿತು ನಿಜ, ಆದರೆ ಅದನ್ನು ತನಗೇ ಬಿಟ್ಟುಕೊಡಬೇಕೆಂದು ಹೇಸ್ಟಿಂಗ್ಸ್ ನಿರ್ದೇಶಕರಿಗೆ ಬರೆದುಕೊಂಡದ್ದೂ ನಿಜ. ಅವರು ಕೊಡಲಿಲ್ಲ.

ಇದಕ್ಕಿಂತ ಆಳವಾದ ವಾದವನ್ನು ಹೇಸ್ಟಿಂಗ್ಸ್ 1786ರ ಮೇ ತಿಂಗಳಲ್ಲಿ ಕಾಮನ್ಸ್ ಮುಂದೆ ಓದಿದ ಸಮರ್ಥನೆಯಲ್ಲೇ ಇಟ್ಟಿದ್ದ. ಏಷ್ಯಾದಲ್ಲಿ ರಾಜ್ಯಾಧಿಕಾರ ಎಂದರೆ ನಿರಂಕುಶ ಅಧಿಕಾರ. ನವಾಬನಿಗೆ ಸಾಮಂತನ ಮೇಲೆ ಏನೆಲ್ಲ ಹಕ್ಕಿತ್ತೋ ಅದೆಲ್ಲ ಕಂಪನಿಗೂ ಬಂದಿದೆ, ಹಾಗಾಗಿ ಚೈತ್ ಸಿಂಗನ ಮೇಲೆ ತನಗೆ ಮಿತಿಯಿಲ್ಲದ ಅಧಿಕಾರವಿತ್ತು ಎಂಬ ತಾತ್ಪರ್ಯ. ಅದನ್ನು ಬರೆದುಕೊಟ್ಟವನು ಗೆಳೆಯ ಹಾಲ್‌ಹೆಡ್ ಎಂದು ಆಮೇಲೆ ಗೊತ್ತಾಯಿತು. ವಿಚಾರಣೆಯಲ್ಲಿ ಅದು ತಿರುಗುಬಾಣವಾದಾಗ ಹೇಸ್ಟಿಂಗ್ಸ್‌ನ ಕಡೆಯವರು ಆ ಭಾಗ ಅವನದ್ದಲ್ಲ ಎಂದು ಕೈತೊಳೆದುಕೊಂಡರು. ಬರ್ಕ್‌ನ ಉತ್ತರ ಇಡೀ ಪ್ರಕರಣದ ಜೀವಾಳ. ನಿರಂಕುಶ ಅಧಿಕಾರ ಕಂಪನಿಗೆ ಇಲ್ಲ, ದೊರೆಗೆ ಇಲ್ಲ, ಪಾರ್ಲಿಮೆಂಟಿಗೂ ಇಲ್ಲ. ತನ್ನಲ್ಲಿಲ್ಲದ್ದನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರು. ಅಕ್ಷಾಂಶ ರೇಖಾಂಶ ಬದಲಾದೊಡನೆ ನೀತಿ ಅನೀತಿ ಬದಲಾಗುತ್ತದೆಂಬುದನ್ನು ಭೂಗೋಳದ ನೀತಿ ಎಂದು ಅವನು ಗೇಲಿ ಮಾಡಿದ. ಹಿಂದೂ ಮುಸ್ಲಿಂ ಧರ್ಮಶಾಸ್ತ್ರಗಳಲ್ಲೂ ದೊರೆಗೆ ಕಟ್ಟುಪಾಡುಗಳಿವೆ ಎಂದು ಕುರಾನನ್ನೂ ತೈಮೂರನ ಕಟ್ಟಳೆಗಳನ್ನೂ ಉದಾಹರಿಸಿದ. ಭಾರತವನ್ನು ಎಂದೂ ಕಣ್ಣಾರೆ ಕಾಣದ ಐರಿಷ್ ಮನುಷ್ಯ ಹದಿನೆಂಟನೆಯ ಶತಮಾನದಲ್ಲಿ ಇದನ್ನು ಹೇಳಿದ ಎಂಬುದನ್ನು ನಾವು ಕಡಿಮೆ ನೆನೆಯುತ್ತೇವೆ.

ಆದರೆ ಇದೆಲ್ಲ ದ್ವೇಷದ ಫಲವಲ್ಲವೇ ಎಂಬ ಮಾತಿದೆ. ಬರ್ಕ್‌ಗೆ ಮಾಹಿತಿ ಒದಗಿಸುತ್ತಿದ್ದ ಫಿಲಿಪ್ ಫ್ರಾನ್ಸಿಸ್ ಕಲ್ಕತ್ತೆಯ ಕೌನ್ಸಿಲಿನಲ್ಲಿ ಹೇಸ್ಟಿಂಗ್ಸ್‌ನ ಹಗೆ. 1780ರ ಆಗಸ್ಟಿನಲ್ಲಿ ಇಬ್ಬರೂ ಪಿಸ್ತೂಲು ಹಿಡಿದು ದ್ವಂದ್ವಯುದ್ಧ ಮಾಡಿ, ಫ್ರಾನ್ಸಿಸ್ ಗುಂಡೇಟು ತಿಂದಿದ್ದ. ದ್ವೇಷ ಇದ್ದದ್ದು ಹೌದು. ಅದಕ್ಕೆಂದೇ ಅಭಿಯೋಗ ನಡೆಸುವ ಸಮಿತಿಗೆ ಫ್ರಾನ್ಸಿಸ್‌ನನ್ನು ಸೇರಿಸಲು ಕಾಮನ್ಸ್ ಒಪ್ಪಲಿಲ್ಲ. ಮೇಲಾಗಿ ಬರ್ಕ್ ವಿರೋಧ ಪಕ್ಷದವನು, ಸಭೆಯಲ್ಲಿ ಬಹುಮತ ಪಿಟ್‌ನದು. ಆಳುವ ಪಕ್ಷ ಕೈ ಎತ್ತದೆ ಒಂದು ಆರೋಪವೂ ದಾಟುವಂತಿರಲಿಲ್ಲ. ಬಂಗಾಳದಿಂದ ಹೇಸ್ಟಿಂಗ್ಸ್‌ನ ಹೊಗಳಿಕೆಯ ಅರ್ಜಿಗಳು ಕಟ್ಟುಕಟ್ಟಾಗಿ ಬಂದವು ಎನ್ನುವವರಿಗೆ ಬರ್ಕ್ ಕೊಟ್ಟ ಉತ್ತರ ಕನ್ನಡಿಗರಿಗೆ ಕೂಡಲೇ ಅರ್ಥವಾಗುತ್ತದೆ. ಆ ಜನ ಪ್ರೀತಿಯ ದೇವರಿಗೆ ಮಾತ್ರವಲ್ಲ, ಸಿಡುಬು ತರುವ ದೇವತೆಗೂ ಗುಡಿ ಕಟ್ಟುತ್ತಾರೆ ಎಂದ. ಊರಿಗೊಂದು ಮಾರಮ್ಮನ ಗುಡಿ ಇರುವ ನಾಡಿನವರು ನಾವು.

1788ರ ಫೆಬ್ರವರಿ 13ರಂದು ವಿಚಾರಣೆ ಆರಂಭವಾದಾಗ ವೆಸ್ಟ್‌ಮಿನ್‌ಸ್ಟರ್ ಹಾಲ್‌ಗೆ ಮೆರವಣಿಗೆಯಲ್ಲಿ ಬಂದ, ತೀರ್ಪು ಕೊಡಬೇಕಾದ ಶ್ರೀಮಂತ ಪ್ರಭುಗಳು 160ರಷ್ಟಿದ್ದರು. ರಾಣಿಯೂ ನೋಡಲು ಬಂದಿದ್ದಳು. 1795ರ ಏಪ್ರಿಲ್ 23ರಂದು ತೀರ್ಪು ಬಂದಾಗ ಮತ ಹಾಕಿದವರು 29 ಮಂದಿ. ಮೊದಲ ದಿನ ಬಂದವರಲ್ಲಿ ಅರವತ್ತು ಜನ ಅಷ್ಟರಲ್ಲಿ ಸತ್ತೇ ಹೋಗಿದ್ದರು. ಕಾಶಿ ಮತ್ತು ಬೇಗಂಗಳ ವಿಷಯದಲ್ಲಿ ಆರು ಮಂದಿ ತಪ್ಪಿತಸ್ಥ ಎಂದರು, ಉಳಿದ ಆರೋಪಗಳಲ್ಲಿ ಅಷ್ಟೂ ಇಲ್ಲ. ಖುಲಾಸೆಯಾದ ಮೇಲೆ ಮಹಾಭಿಯೋಗವೇ ತಪ್ಪಾಗಿತ್ತು ಎಂದಲ್ಲವೇ? ನಾನು ಒಪ್ಪುವುದಿಲ್ಲ, ಆದರೆ ಬರ್ಕ್‌ನನ್ನೂ ಸಮರ್ಥಿಸುವುದಿಲ್ಲ. ಕಾಮನ್ಸ್ ತಾನೇ ಎಳೆದ ಗೆರೆಯನ್ನು ದಾಟಿ, ಅಂಗೀಕರಿಸಿದ ಆರೋಪಗಳನ್ನು ಇಪ್ಪತ್ತಕ್ಕೆ ಬೆಳೆಸಿತು. ಕಂಪನಿಯ ಅಧ್ಯಕ್ಷನ ಮಗನಿಗೆ ಅಫೀಮಿನ ಗುತ್ತಿಗೆ ಕೊಟ್ಟದ್ದು, ಎತ್ತಿನ ಗುತ್ತಿಗೆ, ಕಾಣಿಕೆಗಳ ಲೆಕ್ಕ ಎಲ್ಲ ಒಂದೇ ಚೀಲದಲ್ಲಿ ಬಿತ್ತು. ಒಂದೊಂದು ಆರೋಪವನ್ನೂ ಪ್ರತ್ಯೇಕವಾಗಿ ತೀರ್ಮಾನಿಸುತ್ತ ಹೋಗೋಣ ಎಂಬ ಕಾಮನ್ಸ್ ಕೋರಿಕೆಯನ್ನು ಪ್ರಭುಗಳ ಸಭೆ ಮೊದಲ ತಿಂಗಳಲ್ಲೇ ತಿರಸ್ಕರಿಸಿತು. ಎಲ್ಲ ಆರೋಪ ಮುಗಿಸಿ, ಆಮೇಲೆ ಎಲ್ಲ ಉತ್ತರ. ಮಾಮೂಲಿ ಕೋರ್ಟಿನ ಸಾಕ್ಷ್ಯನಿಯಮಗಳನ್ನೇ ಹೇರಿತು. ಆರು ತಿಂಗಳ ಹಡಗಿನ ದಾರಿಯಾಚೆ ನಡೆದದ್ದಕ್ಕೆ ಕಣ್ಣಿನ ಸಾಕ್ಷಿ ಎಲ್ಲಿಂದ ತರುವುದು? ಸಾಲದ್ದಕ್ಕೆ ಬರ್ಕ್‌ನ ನಾಲಗೆ. ಇಂಪೆಯ ಕೈಯಿಂದ ಹೇಸ್ಟಿಂಗ್ಸ್ ನಂದಕುಮಾರನನ್ನು ಕೊಲೆ ಮಾಡಿಸಿದ ಎಂದು 1789ರಲ್ಲಿ ಅಂದುಬಿಟ್ಟ. ಆರೋಪಪಟ್ಟಿಯಲ್ಲೇ ಇಲ್ಲದ ಮಾತು! ಅವನನ್ನು ಕಳಿಸಿದ ಕಾಮನ್ಸ್ ಸಭೆಯೇ ಅವನಿಗೆ ಛೀಮಾರಿ ಹಾಕಿತು. ಫ್ರಾನ್ಸಿನ ಕ್ರಾಂತಿ, ಬದಲಾದ ಪಕ್ಷಗಳು, ಸವೆದುಹೋದ ಕುತೂಹಲ ಉಳಿದದ್ದನ್ನು ಮುಗಿಸಿದವು. ಇಪ್ಪತ್ತರ ಬದಲು ಎರಡೇ ಆರೋಪ ಹೊತ್ತು ಹೋಗಿದ್ದರೆ ಒಂದೆರಡು ವರ್ಷದಲ್ಲಿ ತೀರ್ಪು ಬಂದಿರುತ್ತಿತ್ತು. ತೀರ್ಪು ಏನೇ ಇರಲಿ, ಜನ ಅದನ್ನು ನಂಬುತ್ತಿದ್ದರು.

ಇಂಗ್ಲೆಂಡಿಗೆ ಈ ಅಸ್ತ್ರ ಹೊಸದಲ್ಲ. 1376ರ ಪಾರ್ಲಿಮೆಂಟಿನಲ್ಲೇ ಅದು ಹುಟ್ಟಿತ್ತು. 1641ರಲ್ಲಿ ಸ್ಟ್ರಾಫರ್ಡ್ ಪ್ರಭುವಿನ ಹಲವು ದಬ್ಬಾಳಿಕೆಗಳನ್ನು ಕೂಡಿಸಿ ರಾಜದ್ರೋಹವೆಂದು ತೋರಿಸಲು ಹೋಗಿ, ಆಗದೆ, ಕೊನೆಗೆ ಬೇರೆಯೇ ಮಸೂದೆ ಮಾಡಿ ತಲೆ ತೆಗೆದರು. ಅದು ನ್ಯಾಯವಲ್ಲ, ಸೇಡು. 1679ರಲ್ಲಿ ಮಂತ್ರಿ ಡ್ಯಾನ್ಬಿ, ದೊರೆಯ ಕ್ಷಮಾದಾನ ಪತ್ರ ಹಿಡಿದು ಬಂದಾಗ ಕಾಮನ್ಸ್ ಅದನ್ನು ಒಪ್ಪಲಿಲ್ಲ, 1701ರ ಕಾಯಿದೆ ಅದನ್ನೇ ಖಾಯಂ ಮಾಡಿತು. ಆದರೆ ಹೇಸ್ಟಿಂಗ್ಸ್‌ನ ಪ್ರಕರಣ ಇಂಗ್ಲೆಂಡಿಗಿಂತ ಹೆಚ್ಚು ಫಲ ಕೊಟ್ಟದ್ದು ಕಡಲಾಚೆ. 1787ರ ಸೆಪ್ಟೆಂಬರ್ 8ರಂದು, ಕಾಮನ್ಸ್ ಅವನ ಮೇಲೆ ಅಭಿಯೋಗ ಹೂಡಿದ ನಾಲ್ಕೇ ತಿಂಗಳಿಗೆ, ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸಂವಿಧಾನ ಬರೆಯುತ್ತಿದ್ದವರ ಮುಂದೆ ಒಂದು ಕರಡು ಇತ್ತು. ಅಧ್ಯಕ್ಷನ ಮೇಲೆ ದೇಶದ್ರೋಹ ಮತ್ತು ಲಂಚಕ್ಕಾಗಿ ಮಾತ್ರ ಮಹಾಭಿಯೋಗ ಎಂದು ಅದರಲ್ಲಿತ್ತು. ವರ್ಜೀನಿಯಾದ ಜಾರ್ಜ್ ಮೇಸನ್ ಎದ್ದು, ಅಷ್ಟೇ ಸಾಲದು, ಹೇಸ್ಟಿಂಗ್ಸ್ ಮಾಡಿದ್ದು ದೇಶದ್ರೋಹವಲ್ಲವಲ್ಲ ಎಂದ. ದುರಾಡಳಿತ ಎಂದು ಸೇರಿಸೋಣವೆಂದಾಗ ಮ್ಯಾಡಿಸನ್ ಒಪ್ಪಲಿಲ್ಲ. ಅಷ್ಟು ಸಡಿಲ ಮಾತು ಹಾಕಿದರೆ ಅಧ್ಯಕ್ಷ ಸೆನೆಟ್ ಮರ್ಜಿಯಿರುವ ತನಕ ಮಾತ್ರ ಕುರ್ಚಿಯಲ್ಲಿರುತ್ತಾನೆ ಎಂದ. ಆಗ ಮೇಸನ್ ಇತರ ಘೋರ ಅಪರಾಧಗಳು ಮತ್ತು ದುರ್ನಡತೆಗಳು ಎಂಬ ಹಳೆಯ ಇಂಗ್ಲಿಷ್ ಪದಪುಂಜವನ್ನು ಸೂಚಿಸಿದ. ಅಧಿಕಾರದ ದುರ್ಬಳಕೆಗೆ ಮಹಾಭಿಯೋಗ ಉಂಟು, ಕೆಟ್ಟ ಆಡಳಿತಕ್ಕೆ ಇಲ್ಲ ಎಂಬ ಆ ರಾಜಿ, ಹಿಂದಿನ ವರ್ಷ ಜೂನ್ 1 ಮತ್ತು 13ರ ನಡುವೆ ಕಾಮನ್ಸ್ ಎಳೆದ ಗೆರೆಯೇ. 1868ರಲ್ಲಿ ಆಂಡ್ರೂ ಜಾನ್ಸನ್ ಒಂದೇ ಮತದಿಂದ ಪಾರಾದಾಗ, 1974ರಲ್ಲಿ ನಿಕ್ಸನ್ ರಾಜೀನಾಮೆ ಕೊಟ್ಟಾಗ, ಅಮೆರಿಕನ್ನರು ಜಗಳವಾಡಿದ್ದು ಈ ಗೆರೆಯ ಯಾವ ಬದಿಯಲ್ಲಿ ಆ ಅಧ್ಯಕ್ಷರು ನಿಂತಿದ್ದರು ಎಂಬುದರ ಮೇಲೆ.

ನಮ್ಮ ಸಂವಿಧಾನದ 61ನೇ ವಿಧಿ ರಾಷ್ಟ್ರಪತಿಯ ಮೇಲೆ ಸಂವಿಧಾನದ ಉಲ್ಲಂಘನೆಗಾಗಿ ಮಹಾಭಿಯೋಗ ಎನ್ನುತ್ತದೆ. ಎರಡೂ ಸದನಗಳಲ್ಲಿ ಒಟ್ಟು ಸದಸ್ಯಬಲದ ಮೂರನೆಯ ಎರಡರಷ್ಟು ಮತ ಬೇಕು. ಈವರೆಗೆ ಅದು ಯಾರ ಮೇಲೂ ಪ್ರಯೋಗವಾಗಿಲ್ಲ. ಆಡಳಿತದ ನಿಜವಾದ ಕೀಲಿಕೈ ಇರುವ ಪ್ರಧಾನಿಗೆ ಅವಿಶ್ವಾಸ ಗೊತ್ತುವಳಿ ಸಾಕು. ಬ್ರಿಟನ್ನಿನಲ್ಲೂ ಮಂತ್ರಿಗಳು ಸದನಕ್ಕೆ ಹೊಣೆಯಾದಂತೆ ಮಹಾಭಿಯೋಗ ತುಕ್ಕು ಹಿಡಿಯಿತು. ಅಲ್ಲಿ ಕೊನೆಯದಾಗಿ ಅದನ್ನು ಎದುರಿಸಿದವನು 1806ರಲ್ಲಿ ಮೆಲ್ವಿಲ್ ಪ್ರಭು, ಅಂದರೆ ಹೇಸ್ಟಿಂಗ್ಸ್‌ನನ್ನು ವಾಪಸು ಕರೆಸಲು ನಿರ್ಣಯ ತಂದ, ರೋಹಿಲ್ಲ ಯುದ್ಧದಲ್ಲಿ ಅವನನ್ನು ಪಾರು ಮಾಡಿದ ಅದೇ ಡುಂಡಾಸ್. ಅವನೂ ಖುಲಾಸೆಯಾದ.

ಇಷ್ಟೆಲ್ಲ ಆಗಿ ಭಾರತಕ್ಕೇನು ಸಿಕ್ಕಿತು ಎಂಬ ಪ್ರಶ್ನೆಗೆ ಮಾತ್ರ ನನ್ನ ಬಳಿ ಸಮಾಧಾನದ ಉತ್ತರವಿಲ್ಲ. ಹೇಸ್ಟಿಂಗ್ಸ್‌ನ ತೀರ್ಪು ಬಂದ ನಾಲ್ಕು ವರ್ಷಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿ ಶ್ರೀರಂಗಪಟ್ಟಣವನ್ನು ಕೆಡವಿದ, ಆಮೇಲೆ ಅವಧ್‌ನ ಅರ್ಧ ನುಂಗಿದ. ಅವನ ಮೇಲೂ ಮಹಾಭಿಯೋಗದ ಕೂಗೆದ್ದಿತು, 1808ರಲ್ಲಿ ಕಾಮನ್ಸ್ ಅವನನ್ನು ಮೆಚ್ಚಿ ಬಿಟ್ಟುಬಿಟ್ಟಿತು. ಕಂಪನಿ ಹೇಸ್ಟಿಂಗ್ಸ್‌ಗೆ ವರ್ಷಕ್ಕೆ 4000 ಪೌಂಡಿನ ವರ್ಷಾಶನವನ್ನೂ 50,000 ಪೌಂಡಿನ ಸಾಲವನ್ನೂ ಕೊಟ್ಟಿತು. 1813ರಲ್ಲಿ ಅವನು ಸಾಕ್ಷಿ ಹೇಳಲು ಕಾಮನ್ಸ್‌ಗೆ ಬಂದಾಗ ಸದಸ್ಯರು ಟೋಪಿ ತೆಗೆದು ಎದ್ದು ನಿಂತರು. ಅವನ ಮೇಲಿನ ಮಹಾಭಿಯೋಗದಲ್ಲಿ ಕಾಶಿಯೇ ಮೊದಲ ಆರೋಪವಾಗಿದ್ದರೂ, ಏರಿಸಿದ 40 ಲಕ್ಷದ ಕಪ್ಪವನ್ನು ಇಳಿಸಬೇಕೆಂದಾಗಲಿ, ಚೈತ್ ಸಿಂಗನಿಗೆ ಗದ್ದುಗೆ ಹಿಂದಿರುಗಿಸಬೇಕೆಂದಾಗಲಿ ಆ ಏಳು ವರ್ಷದಲ್ಲಿ ತೀರ್ಮಾನವಾಗಲಿಲ್ಲ. ಚೈತ್ ಸಿಂಗ್ 1810ರಲ್ಲಿ ಗ್ವಾಲಿಯರಿನಲ್ಲಿ ಶಿಂಧೆಯ ಆಶ್ರಯದಲ್ಲಿ ತೀರಿಕೊಂಡ.